ಸ್ಥಿತಪ್ರಜ್ಞ ಥರ್ಮಾಮೀಟರು

“85!” ಅಂದ ಕಿಟ್ಟಿ, ಮಗ ಡಿಸ್ಟಿಂಕ್ಷನ್ನಲ್ಲಿ ಪಾಸಾದ ಹಾಗೆ.

ಅಡುಗೆಮನೆ ಕಟ್ಟೆಯ ಮೇಲೆ ಕಾಫಿ ಸಾಮಾನಿಗಿಂತ ವೈರೇ ಜಾಸ್ತಿ ಇತ್ತು. ವೈರು ಚುಚ್ಚುವ ತೂತುಗಳ ಬ್ರೆಡ್‌ಬೋರ್ಡು, ಆರ್ಡುಯಿನೊ ಅನ್ನುವ ನೀಲಿ ಪುಟ್ಟ ಕಂಪ್ಯೂಟರ್ ಬೋರ್ಡು, ಸಾಸಿವೆ ಡಬ್ಬಿಗೆ ಒರಗಿಸಿದ ಅಂಗೈಯಗಲದ ಸ್ಕ್ರೀನು. ಅಲ್ಲಿಂದ ಹೊರಟ ಕಪ್ಪು ವೈರಿನ ತುದಿಯಲ್ಲಿ ಪೆನ್ನಿನ ರೀಫಿಲ್‌ಗಿಂತ ತುಸು ದಪ್ಪನೆಯ ಸ್ಟೀಲ್ ಕಡ್ಡಿ. ಅದರೊಳಗೆ ಶಾಖ ಅಳೆಯುವ ಡಿಎಸ್18ಬಿ20 ಸೆನ್ಸರು. ಎಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನ ಸರಕು. ಕಡ್ಡಿ ಸದ್ಯಕ್ಕೆ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿತ್ತು.

“ಏನಯ್ಯಾ, ಒಂದು ಡಿಗ್ರಿ ಆಚೆ ಈಚೆ ಇಲ್ಲವಲ್ಲ!” ರಾಯರು ಕನ್ನಡಕ ಹಣೆಗೇರಿಸಿ ನೋಡಿದರು. “ಇದಪ್ಪ ಸ್ಥಿತಪ್ರಜ್ಞ ಅಂದ್ರೆ.”

“ನಿನ್ನೆ ಎಷ್ಟು ತೋರಿಸ್ತಿತ್ತು?” ಶೀನಣ್ಣ ಹಾಲ್‌ನಿಂದಲೇ ಕೇಳಿದ. ನಲವತ್ತು ವರ್ಷ ರೇಡಿಯೊ, ಟೀವಿ ರಿಪೇರಿ ಮಾಡಿದ ಮನುಷ್ಯ. ಸೋಲ್ಡರಿಂಗ್ ಹೊಗೆ ಬಂದ ಕಡೆ ತಾನಾಗಿ ತಿರುಗುತ್ತಾನೆ.

“ನಿನ್ನೆ ಮೈನಸ್ 127. ಡೇಟಾ ವೈರಿಗೂ ಐದು ವೋಲ್ಟಿಗೂ ಮಧ್ಯೆ 4.7 ಕಿಲೋಓಮ್ ರೆಸಿಸ್ಟರ್ ಹಾಕೋದು ಮರೆತಿದ್ದೆ. ಹಾಕಿದೆ, ಸರಿಹೋಯ್ತು.”

“ಒಳ್ಳೇದಾಯ್ತು. ಮೈನಸ್ 127ರ ಕಾಫಿಗೆ ಲೋಟ ಸಾಲ್ತಿರಲಿಲ್ಲ, ಕೊಡಲಿ ಬೇಕಾಗಿತ್ತು.”

ಗೌಡ ನಕ್ಕ. ಮೂಡಿಗೆರೆಯಿಂದ ಬರುವಾಗ ತಂದ ಒಂದು ಕೆಜಿ ಪುಡಿ ಇನ್ನೂ ಅವನ ತೊಡೆಯ ಮೇಲೇ ಇತ್ತು. ಕಿಟ್ಟಿ ಅದನ್ನು ತೂಕಕ್ಕೆ ಹಾಕಿ ನಂಬರ್ ಬರೆದುಕೊಂಡಾನು ಅನ್ನುವ ಭಯ. “ಅಲ್ಲ ಮಾರಾಯ, ನೀರು ಕುದಿಸಿ ಹಾಕೋದಪ್ಪ. ಅದಕ್ಕೆ ಇಷ್ಟೆಲ್ಲಾ ಯಾಕೆ?”

“ನೀರು 96 ಡಿಗ್ರಿ ಇರಬೇಕು ಗೌಡ. ಕುದಿಯೋ ನೀರು 100. ಪುಡಿ ಸುಟ್ಟುಹೋಗುತ್ತೆ.”

“ಯಾವ ಊರಲ್ಲಿ 100?” ಶೀನಣ್ಣ ಈಗ ಎದ್ದು ಬಂದ. “ನಾವಿರೋದು ಸಮುದ್ರಕ್ಕಿಂತ 900 ಮೀಟರಿಗೂ ಎತ್ತರದಲ್ಲಿ. ಬೆಂಗಳೂರಲ್ಲಿ ನೀರು ಕುದಿಯೋದೇ 97ರ ಹತ್ತಿರ. ಕುದಿ ಬಂತಾ, ಒಲೆ ಆರಿಸಿ ಹದಿನೈದು ಎಣಿಸು, ಬಂತು ನಿನ್ನ 96. ತಣ್ಣಗಿರೋ ಸ್ಟೀಲ್ ಫಿಲ್ಟರಿಗೆ ಸುರಿದ ತಕ್ಷಣ ಇನ್ನೂ ಇಳಿಯುತ್ತೆ. ಅದಕ್ಕೇ ಫಿಲ್ಟರನ್ನ ಮೊದಲು ಬಿಸಿನೀರಲ್ಲಿ ತೊಳ್ಕೊಳೋದು. ನಮ್ಮೂರಿಗೆ ದೇವರೇ ಥರ್ಮೋಸ್ಟಾಟ್ ಹಾಕಿ ಕಳಿಸಿದಾನೆ, ನೀನು ಅದಕ್ಕೊಂದು ಸ್ಕ್ರೀನ್ ಅಂಟಿಸ್ತಿದೀಯ.”

“ಹಾಗಾದ್ರೆ ಈಗ 85 ಯಾಕೆ?” ರಾಯರು ಕೇಳಿದರು.

“ಆರಿದೆ,” ಅಂದ ಕಿಟ್ಟಿ.

ಶೀನಣ್ಣ ಸ್ಕ್ರೀನ್ ನೋಡಿದ, ಪಾತ್ರೆಯಿಂದ ಏಳುತ್ತಿದ್ದ ಆವಿ ನೋಡಿದ. ಏನೂ ಹೇಳಲಿಲ್ಲ. ಶೀನಣ್ಣ ಸುಮ್ಮನಾದ ಅಂದರೆ ಎಲ್ಲೋ ಏನೋ ಕಾದಿದೆ ಅಂತಲೇ ಲೆಕ್ಕ.

ಅಷ್ಟರಲ್ಲಿ ಪದ್ಮ ಫ್ರಿಜ್ಜಿನಿಂದ ಹಾಲು ತೆಗೆದು ಪಾತ್ರೆಗೆ ಸುರಿದು ಒಲೆ ಹಚ್ಚಿದಳು. ಕಿಟ್ಟಿ ಕಡ್ಡಿಯನ್ನು ತೊಳೆದು ಅದರೊಳಗೆ ಇಳಿಬಿಟ್ಟ.

“ರೀ, ಬರೀ ಸ್ಟೀಲ್ ತುದಿ ಮಾತ್ರ ಮುಳುಗಿಸಿ. ಆ ವೈರಿನ ಗಂಟಲ್ಲಿ ಗೋಂದಿದೆ ಅಂತ ನೀವೇ ಹೇಳಿದ್ರಿ.”

“ಗೊತ್ತು ಪದ್ದು. 92 ದಾಟಿದ ತಕ್ಷಣ ಬಜರ್ ಹೊಡ್ಕೊಳುತ್ತೆ. ಇನ್ಮೇಲೆ ಈ ಮನೇಲಿ ಹಾಲು ಉಕ್ಕೋದು ಗೃಹಪ್ರವೇಶಕ್ಕೆ ಮಾತ್ರ. ನೋಡು, ಆಗಲೇ 85!”

“ಈಗ ತಾನೇ ಫ್ರಿಜ್ಜಿನಿಂದ ತೆಗೆದದ್ದು.”

“ಅದಕ್ಕೇ ಸೆನ್ಸರ್ ಬೇಕು ಅನ್ನೋದು. ಬರಿಗಣ್ಣಿಗೆ ಇದೆಲ್ಲಾ ಗೊತ್ತಾಗಲ್ಲ.”

ಪದ್ಮ ಪಾತ್ರೆ ಮುಟ್ಟಿ ನೋಡಿದಳು, ಗಂಡನನ್ನು ನೋಡಿದಳು, ಒಳಕೋಣೆಗೆ ಹೋದಳು.

ಫಿಲ್ಟರಿನ ಪಾಡು ಬೇರೆ. ಅದು ಕೂತದ್ದು ತಕ್ಕಡಿಯ ಮೇಲೆ. ತೂಕ ಅಳೆಯುವ ಒಂದು ಅಲ್ಯೂಮಿನಿಯಮ್ ಪಟ್ಟಿಯ ಲೋಡ್‌ಸೆಲ್ಲು, ಅದನ್ನು ಓದುವ ಎಚ್‌ಎಕ್ಸ್711 ಬೋರ್ಡು, ಮೇಲೊಂದು ಸಿ.ಡಿ. ಡಬ್ಬಿಯ ಮುಚ್ಚಳ. ಐದು ಜನಕ್ಕೆ 40 ಗ್ರಾಂ ಪುಡಿ, 240 ಮಿಲೀ ನೀರು. ಅಲ್ಲಿಗೆ ತಕರಾರಿಲ್ಲ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹತ್ತಿರ ಹತ್ತಿರ ತಾನೇ ಇಟ್ಟುಕೊಳ್ಳುತ್ತೆ, ಉಳಿದ 160 ಮಿಲೀ ಕೆಳಗೆ, ಲೋಟಕ್ಕೆ 30ರಂತೆ ಐದು ಲೋಟ.

“ಹತ್ತು ನಿಮಿಷ ಆಯ್ತು. ಎಷ್ಟು ಡಿಕಾಕ್ಷನ್ ಇಳಿದಿದೆ ಅಂತ ಲೈವ್ ಗ್ರಾಫ್ ಬರ್ತಿದೆ,” ಕಿಟ್ಟಿ ಮೊಬೈಲು ತೋರಿಸಿದ. “4 ಗ್ರಾಂ.”

“ತೂಕ ಯಾವುದರದು?”

“ಫಿಲ್ಟರಿಂದು.”

“ಇಡೀ ಫಿಲ್ಟರಿಂದು?”

“ಹೂಂ.”

“ಕಿಟ್ಟಿ, ನೀನು ಅಟ್ಟದಿಂದ ಇಳಿದು ಕೆಳಗಿನ ರೂಮಿಗೆ ಬಂದರೆ ಮನೆ ತೂಕ ಬದಲಾಗುತ್ತಾ?”

ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಿಟ್ಟಿಗೆ ಇನ್ನೂ ಸ್ವಲ್ಪ. ಮೇಲಿನ ಬಟ್ಟಲಲ್ಲಿದ್ದ ನೀರು ಕೆಳಗಿನ ಬಟ್ಟಲಿಗೆ ಬಿದ್ದರೆ ತಕ್ಕಡಿಗೇನು ಗೊತ್ತಾಗಬೇಕು?

“ಮತ್ತೆ ಈ 4 ಗ್ರಾಂ?”

“ನಿನ್ನ ಲೋಡ್‌ಸೆಲ್ ಕಾದಿದೆ. ಬಿಸಿ ಫಿಲ್ಟರನ್ನ ಅದರ ತಲೆ ಮೇಲೇ ಕೂರಿಸಿದೀಯ. ಪಟ್ಟಿ ಬಿಸಿಯಾದ ಹಾಗೆ ಅಂಕಿ ಜಾರುತ್ತೆ. ಕೆಳಗೊಂದು ಕಾರ್ಕ್ ಹಲಗೆನಾದ್ರೂ ಇಡು. ಈಗ ನೀನು ಅಳೀತಿರೋದು ಡಿಕಾಕ್ಷನ್ ಅಲ್ಲ, ತಕ್ಕಡಿಯ ಜ್ವರ.”

ಗೌಡ ಕೈ ಚಾಚಿ ಫಿಲ್ಟರಿನ ಕೆಳಬಟ್ಟಲನ್ನು ಹೊರಗಿನಿಂದ ಬೆರಳಲ್ಲಿ ಮುಟ್ಟುತ್ತಾ ಹೋದ. ಡಿಕಾಕ್ಷನ್ ಎಲ್ಲಿವರೆಗೆ ತುಂಬಿದೆಯೋ ಅಲ್ಲಿವರೆಗೆ ಸುಡುತ್ತೆ, ಅದರ ಮೇಲೆ ಅಷ್ಟಿಲ್ಲ. ತೋಟದವರ ಲೈವ್ ಗ್ರಾಫ್ ಇದು. “ಏನೂ ಇಳಿದಿಲ್ಲ ಮಾರಾಯ. ಕಟ್ಟಿಕೊಂಡಿದೆ.”

ಇಲ್ಲಿಂದ ಮಾತು ಎತ್ತೆತ್ತಲೋ ಹೋಯಿತು. ಕಟ್ಟಿಕೊಳ್ಳಲು ಕಾರಣ ಚಿಕೋರಿ ಅಂತ ಕಿಟ್ಟಿ. 80ಕ್ಕೆ 20 ಚಿಕೋರಿ ಇದ್ದರೆ ಏನೂ ಆಗಲ್ಲ, ಬಣ್ಣ ಮಂದ ಎರಡೂ ಬರೋದೇ ಅದರಿಂದ, ಅರ್ಧಕ್ಕರ್ಧ ಸುರಿದರೆ ಅಂಟಾಗಿ ತೂತು ಮುಚ್ಚುತ್ತೆ ಅಂತ ಗೌಡ. ಪುಡಿ ಮೈದಾ ಹಿಟ್ಟಿನ ಹಾಗಿದ್ದರೂ ಅಷ್ಟೆ, ಒತ್ತುವ ಬಿಲ್ಲೆಯನ್ನು ವೈರಿಯ ಎದೆ ಮೇಲೆ ಕೂತ ಹಾಗೆ ಒತ್ತಿದರೂ ಅಷ್ಟೆ. ಬಿಲ್ಲೆ ಇರೋದು ನೀರು ಬಿದ್ದ ಕಡೆ ಗುಂಡಿ ಬೀಳದಿರಲಿ ಅಂತ, ಪುಡಿಯ ಉಸಿರು ನಿಲ್ಲಿಸೋಕಲ್ಲ. ಇನ್ನು ತಿಂಗಳಾನುಗಟ್ಟಲೆ ಬರೀ ಅಲ್ಲಾಡಿಸಿ ತೊಳೆದ ಫಿಲ್ಟರಾದರೆ ಮೇಲ್ಬಟ್ಟಲನ್ನು ಗ್ಯಾಸ್ ಉರಿಗೆ ಹಿಡಿದು ತೂತಿನಲ್ಲಿ ಕೂತ ಜಿಗುಟನ್ನು ಸುಡಬೇಕು, ಆಮೇಲೆ ತೊಳೆದು ಬೆಳಕಿಗೆ ಹಿಡಿದರೆ ನಕ್ಷತ್ರದ ಹಾಗೆ ಕಾಣಬೇಕು.

ಶೀನಣ್ಣ ಇದ್ಯಾವುದನ್ನೂ ಮಾಡಲಿಲ್ಲ. ಮೇಲ್ಬಟ್ಟಲನ್ನು ಒಂದು ಕೂದಲೆಳೆ ಎತ್ತಿ ಬಿಟ್ಟ. ಪುಸ್ ಅಂತು. ಒಳಗೆ ಟಪ್, ಟಪ್ ಶುರುವಾಯಿತು.

“ಗಾಳಿ ಕಟ್ಟಿತ್ತು. ಎರಡು ಬಟ್ಟಲೂ ಬಿಗಿಯಾಗಿ ಕೂತಿವೆ, ಕೆಳಗಿನ ಗಾಳಿ ಬಿಸಿಗೆ ಹಿಗ್ಗಿದೆ. ಅದು ಆಚೆ ಹೋಗದೆ ಇದು ಒಳಗೆ ಹೇಗೆ ಬರುತ್ತೆ? ಬಿಎಂಟಿಸಿ ಬಸ್ಸಿನ ನ್ಯಾಯ, ಇಳಿಯೋರಿಗೆ ಮೊದಲು ದಾರಿ ಬಿಡಿ.”

“ಅಂದ್ರೂ ಅಳತೆ ಅನ್ನೋದು ಬೇಕಪ್ಪ ಶೀನ,” ಅಂದರು ರಾಯರು. “ಚಹಾಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಐಎಸ್‌ಒ 3103. 1980ರದು. 100 ಮಿಲೀ ನೀರಿಗೆ 2 ಗ್ರಾಂ ಸೊಪ್ಪು, 6 ನಿಮಿಷ.”

“ಅದು ಕುಡಿಯೋಕಲ್ಲ ರಾಯರೇ. ಬೇರೆ ಬೇರೆ ಸೊಪ್ಪಿನ ರುಚಿ ಹೋಲಿಸಿ ನೋಡೋರಿಗೆ ಎಲ್ಲರದೂ ಒಂದೇ ಪದ್ಧತಿ ಇರಲಿ ಅಂತ. ಆ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ನೋರಿಗೆ ಟೀ ಮಾಡೋ ಕ್ರಮನ ಆರು ಪುಟ ಬರೆದದ್ದಕ್ಕೆ 1999ರಲ್ಲಿ ಇಗ್ ನೊಬೆಲ್ಲೂ ಬಂತು, ಅದೇ ಆ ತಮಾಷೆ ನೊಬೆಲ್ಲು. ಸಾಹಿತ್ಯಕ್ಕೆ! ಆರು ನಿಮಿಷ ಕಾಯೋಕೆ ಆರು ಪುಟ, ಓದ್ತಾ ಕೂತರೆ ಟೈಮರ್ ಬೇಡ.”

“ಕೇಂಬ್ರಿಡ್ಜಿನೋರು 1991ರಲ್ಲೇ ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ಟಿದ್ರು ಗೊತ್ತಾ?” ಕಿಟ್ಟಿಗೆ ಉಸಿರು ಬಂತು. “ಕಂಪ್ಯೂಟರ್ ಲ್ಯಾಬಿನೋರು. 1993ರಲ್ಲಿ ಇಂಟರ್‌ನೆಟ್ಟಿಗೂ ಬಿಟ್ಟರು. ಪ್ರಪಂಚದ ಮೊದಲನೇ ವೆಬ್‌ಕ್ಯಾಮೇ ಅದು.”

“ಅವರದು ನ್ಯಾಯವಾದ ಕಾರಣ. ಅಷ್ಟು ದೂರ ನಡೆದು ಹೋದ ಮೇಲೆ ಪಾತ್ರೆ ಖಾಲಿ ಇರಬಾರದು ಅಂತ. ನಿನಗೆ ಕಾಫಿ ಮೂರಡಿ ದೂರದಲ್ಲಿದೆ.”

“ಮುಂದಿನ ಪ್ರಾಜೆಕ್ಟು ಲೋಟ ಬಿಸಿ ಇಡೋ ತಟ್ಟೆ. ಯುಎಸ್‌ಬಿಗೆ ಚುಚ್ಚಿದ್ರೆ ಸಾಕು.”

“ಹಳೇ ಯುಎಸ್‌ಬಿ ಐದು ವೋಲ್ಟು, ಅರ್ಧ ಆಂಪಿಯರು. ಎರಡೂವರೆ ವ್ಯಾಟು. 150 ಮಿಲೀ ಕಾಫಿ ನಿಮಿಷಕ್ಕೆ ಒಂದೇ ಡಿಗ್ರಿ ಆರಿದ್ರೂ ಹತ್ತು ವ್ಯಾಟು ಗಾಳಿಗೆ ಹೋಗ್ತಿರುತ್ತೆ. ಬಡ್ಡಿ ಕಟ್ಟೋಕೂ ಸಾಲದ ಸಂಬಳ ಅದು. ಲೋಟದ ಮೇಲೊಂದು ಮುಚ್ಚಳ ಇಡು, ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ.”

“ಈಗಿನೋರು ಹಾಗೇ ಶೀನಣ್ಣ,” ಅಂದ ಗೌಡ. “ಮೊನ್ನೆ ತೋಟಕ್ಕೆ ಇಬ್ಬರು ಹುಡುಗರು ಬಂದಿದ್ರು. ನಮ್ಮ ಬೀಜದಲ್ಲಿ ಬ್ಲೂಬೆರಿ ಪರಿಮಳ ಇದೆ ಅಂದ್ರು. ಬ್ಲೂಬೆರಿ ಕಂಡವರು ಯಾರು? ನೇರಳೆ ಹಣ್ಣಾ ಅಂದೆ. ಅಲ್ಲ ಅಂಕಲ್, ನೇರಳೆಗೆ ರೇಟ್ ಬರಲ್ಲ ಅಂದ್ರು.”

“ಈಗ ಕಾಫಿ ಕುಡಿಯೋಕೆ ಮುಂಚೆ ಅದರ ಜಾತಕ ಬರೆಸಬೇಕು ಗೌಡ. ಹುಟ್ಟಿದ ಎತ್ತರ, ಗೋತ್ರ, ನಕ್ಷತ್ರ. ಎಲ್ಲಾ ಕೂಡಿ ಬರೋ ಹೊತ್ತಿಗೆ ಲೋಟ ತಣ್ಣಗೆ...”

ಶೀನಣ್ಣ ಮಾತು ನಿಲ್ಲಿಸಿ ಮೂಗೆತ್ತಿದ. ಗೌಡನೂ ಎತ್ತಿದ. ಹಾಲ್‌ಗೆ ಪೇಪರ್ ತರಲು ಹೋಗಿದ್ದ ರಾಯರು ಅಲ್ಲಿಂದಲೇ “ಏನೋ ಸೀದ ವಾಸನೆ!” ಅಂತ ಕೂಗಿದರು. ಒಳಕೋಣೆಯಿಂದ ಪದ್ಮ ಓಡಿ ಬಂದಳು.

ಹಾಲು ಉಕ್ಕಿ, ಒಲೆ ತುಂಬಿ, ಕಟ್ಟೆಗಿಳಿದು, ಆರ್ಡುಯಿನೊ ಕಡೆಗೆ ಹೊರಟಿತ್ತು. ಬಜರ್ ಕಮಕ್ ಕಿಮಕ್ ಅನ್ನಲಿಲ್ಲ. ಸ್ಕ್ರೀನಿನ ಮೇಲೆ 85.

ಪದ್ಮ ಗ್ಯಾಸ್ ಆರಿಸಿ, ಬಟ್ಟೆ ತಗೊಂಡು ಒರೆಸತೊಡಗಿದಳು. ಕಿಟ್ಟಿ ಕಂಪಿಸುವ ಕೈಯಲ್ಲಿ ಬ್ರೆಡ್‌ಬೋರ್ಡ್ ಎತ್ತಿ ಹಿಡಿದುಕೊಂಡಿದ್ದ, ಪ್ರವಾಹದಲ್ಲಿ ಮಗು ಎತ್ತಿಕೊಂಡವನ ಹಾಗೆ. “92 ಆಗ್ಲೇ ಇಲ್ಲವಲ್ಲ...”

“ಆಗಲ್ಲ,” ಅಂದ ಶೀನಣ್ಣ. “ಆ ಸೆನ್ಸರಿಗೆ ಕರೆಂಟ್ ಕೊಟ್ಟಾಗ ಮೊದಲು ಅದರ ಬಾಯಲ್ಲಿ ಇರೋದೇ 85. ಅಳೆದದ್ದಲ್ಲ, ಹುಟ್ಟಿನಿಂದ ಬಂದದ್ದು. ಅಳೀಬೇಕು ಅಂದ್ರೆ ಅದಕ್ಕೆ ಮುಕ್ಕಾಲು ಸೆಕೆಂಡು ಬೇಕು, ಅಷ್ಟು ಹೊತ್ತೂ ಕರೆಂಟು ಗಟ್ಟಿಯಾಗಿರಬೇಕು. ನಿನ್ನ ಕೆಂಪು ವೈರಿನ ಬೆಸುಗೆ ಬಿಟ್ಟಿದೆ ನೋಡಿಲ್ಲಿ. ಡೇಟಾ ವೈರಿಂದ ಕದ್ದು ಕುಡೀತಾ ಜೀವ ಹಿಡ್ಕೊಂಡಿದೆ. ಅಳೆಯೋಕೆ ಹೋದಾಗಲೆಲ್ಲಾ ಎಚ್ಚರ ತಪ್ಪುತ್ತೆ, ಎದ್ದು ಮತ್ತೆ 85 ಅನ್ನುತ್ತೆ.”

“ಮೊದಲೇ ಗೊತ್ತಿತ್ತಾ ನಿಮಗೆ?”

“ಫ್ರಿಜ್ಜಿನ ಹಾಲಿಗೆ 85 ಅಂದಾಗ ಖಾತ್ರಿ ಆಯ್ತು. ಉಕ್ಕೋಕೆ ಮುಂಚೆ ಹೇಳೋಣ ಅಂತಿದ್ದೆ, ಬ್ಲೂಬೆರಿ ಅಡ್ಡ ಬಂತು.”

“ನೀರು ಕುದಿದ್ರೆ ಉಕ್ಕಲ್ಲ, ಹಾಲಿಗೇನು ರೋಗ?” ರಾಯರು ಕೇಳಿದರು.

“ಕೆನೆ ಕಟ್ಟುತ್ತಲ್ಲ ರಾಯರೇ. ಹಾಲಿನ ಪ್ರೋಟೀನು, ಕೊಬ್ಬು ಸೇರಿ ಮೇಲೊಂದು ಚಾದರ. ಕೆಳಗಿಂದ ಬರೋ ಆವಿಗುಳ್ಳೆ ನೀರಲ್ಲಾದ್ರೆ ಒಡೆದು ಹೋಗುತ್ತೆ, ಇಲ್ಲಿ ಒಡೆಯಲ್ಲ, ಒಂದರ ಮೇಲೊಂದು ಏರಿ ಚಾದರನೇ ಎತ್ಕೊಂಡು ಬರುತ್ತೆ. ಸೌಟಲ್ಲಿ ಕೆದಕ್ತಿದ್ರೆ ಚಾದರ ಹರಿದು ಆವಿ ಹೋಗುತ್ತೆ. ಅಷ್ಟೆ.”

ಗೌಡನಿಗೆ ಬೇರೆಯದೇ ತಲೆಗೆ ಹತ್ತಿತ್ತು. “ಅಲ್ಲ ಕಿಟ್ಟಿ, ನಾವು ಈ ಕಡೆ ಗೋಡೆ ಪಕ್ಕ ಇದ್ವಿ, ರಾಯರು ಹಾಲ್‌ನಲ್ಲಿದ್ರು. ಒಲೆ ಹತ್ತಿರ ನಿಂತಿದ್ದವನು ನೀನು. ಮೂಗಿಗೆ ಬಡೀಲಿಲ್ವಾ?”

ಕಿಟ್ಟಿ ಬ್ರೆಡ್‌ಬೋರ್ಡನ್ನು ಮೆಲ್ಲಗೆ ಕೆಳಗಿಟ್ಟ.

“ಬರಲ್ಲ ಅವರಿಗೆ,” ಪದ್ಮ ಬಟ್ಟೆ ಹಿಂಡುತ್ತಾ ಅಂದಳು. “ಕೋವಿಡ್ ಬಂದಾಗ ಹೋದದ್ದು. ಬರುತ್ತೆ ಬರುತ್ತೆ ಅಂದ್ರು. ಊದುಬತ್ತಿನೂ ಗೊತ್ತಾಗಲ್ಲ, ಒಗ್ಗರಣೆನೂ ಗೊತ್ತಾಗಲ್ಲ.”

“ನಾಲಿಗೆಗೆ ಸಿಹಿ, ಕಹಿ ತಿಳಿಯುತ್ತೆ,” ಕಿಟ್ಟಿ ಸ್ಕ್ರೀನನ್ನೇ ನೋಡುತ್ತಾ ಹೇಳಿದ. “ಕಾಫಿ ಅಂದ್ರೆ ಕಹಿ ಬಿಸಿನೀರು ಅಷ್ಟೆ. ಸರಿಯಾಗಿ ಆಗಿದೆಯೋ ಇಲ್ವೋ ಅಂತ ದಿನಾ ಇವಳನ್ನ ಎಷ್ಟು ಸಲ ಕೇಳೋದು? ನಂಬರ್ ಆದ್ರೂ ಇರಲಿ ಅಂತ.”

ಗೌಡ ಪುಡಿಯ ಪೊಟ್ಟಣದ ಬಾಯಿ ಬಿಚ್ಚಿದ್ದವನು ಮತ್ತೆ ಮಡಿಸಿದ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫಿಲ್ಟರು ಮಾತ್ರ ಟಪ್, ಟಪ್ ಅನ್ನುತ್ತಿತ್ತು.

“ಸೋಲ್ಡರಿಂಗ್ ಐರನ್ ಎಲ್ಲಿಟ್ಟಿದೀಯ?” ಅಂದ ಶೀನಣ್ಣ.

ಕೆಂಪು ವೈರಿನ ತುದಿಯನ್ನು ಬ್ಲೇಡಿನಲ್ಲಿ ಕೆರೆದ. ತಾಮ್ರ ಹೊಳೆಯುವವರೆಗೆ ಕೆರೆದು, ತವರ ಹಚ್ಚಿ, ಪಿನ್ನನ್ನೂ ವೈರನ್ನೂ ಒಟ್ಟಿಗೆ ಕಾಯಿಸಿ ಬೆಸುಗೆ ಕೂರಿಸಿದ. “ತವರನ್ನ ಐರನ್ನಿಗೆ ತಿನ್ನಿಸಬೇಡ, ಕಾದ ವೈರಿಗೆ ತಿನ್ನಿಸು. ಮುತ್ತಿನ ಹಾಗೆ ಉಂಡೆ ಕೂತರೆ ಅದು ಹಿಡಿದಿಲ್ಲ ಅಂತ ಅರ್ಥ.” ಬಿಸಿಗೆ ಕುಗ್ಗುವ ಕೊಳವೆ ಇಲ್ಲದ್ದರಿಂದ ಇನ್ಸುಲೇಶನ್ ಟೇಪು ಸುತ್ತಿದ. ಕರೆಂಟು ಕೊಟ್ಟ. 85. ಒಂದು ಕ್ಷಣ ಬಿಟ್ಟು 27. ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದ. 29, 31, 33.

“ಇಳೀತು ಸನ್ಯಾಸಿ ಸಂಸಾರಕ್ಕೆ,” ಅಂದರು ರಾಯರು.

ಉಳಿದ ಹಾಲು ಐದು ಲೋಟಕ್ಕೆ ಹೇಗೋ ಸಾಕಾಯಿತು. ತಳ ಹಿಡಿದಿತ್ತು, ಆದರೆ ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಪದ್ಮ ಕೆದಕದೆ ಮೇಲಿಂದ ಬಗ್ಗಿಸಿ, ಡಿಕಾಕ್ಷನ್ ಬೆರೆಸಿ, ಲೋಟ ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದಳು. ನೊರೆ ಬಂತು. ಸೀದ ವಾಸನೆಯೂ ಅದರ ಜೊತೆ ಎದ್ದು ಬಂತು. ಗೌಡ ಒಂದು ಗುಟುಕು ಕುಡಿದು ಕಿಟಕಿ ನೋಡಿದ. ರಾಯರು ಏನೋ ಹೇಳಲು ಬಾಯಿ ತೆಗೆದವರು ಪದ್ಮಳ ಮುಖ ನೋಡಿ ಇನ್ನೊಂದು ಗುಟುಕು ಕುಡಿದರು.

ಕಿಟ್ಟಿ ತನ್ನ ಲೋಟದಲ್ಲಿ ಕಡ್ಡಿ ಅದ್ದಿ, ತೆಗೆದು, ಕುಡಿದ. ಎಲ್ಲರ ಮುಖ ನೋಡಿದ.

“ಹೆಂಗಿದೆ ಶೀನಣ್ಣ?”

ಶೀನಣ್ಣ ಲೋಟ ಮೂಗಿನ ಹತ್ತಿರ ತಂದ. ಕೆಳಗಿಳಿಸಿದ. ಬಗ್ಗಿ ಕಿಟ್ಟಿಯ ಸ್ಕ್ರೀನ್ ನೋಡಿದ.

“62,” ಅಂದ.