ವೋಟರ್ ಲಿಸ್ಟ್ ಮತ್ತು ಸಿಟಿಜನ್‌ಶಿಪ್ ಪತ್ರ: ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇಲ್ಲಿನ ವೋಟರ್ ಲಿಸ್ಟಿನಲ್ಲಿ ಸಿಟಿಜನ್ ಅಲ್ಲದವರನ್ನು ಹುಡುಕುವ ಕೆಲಸ ಜೋರಾಗಿದೆ. ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೂ ಪತ್ರ ಬಂದಿದೆಯಂತೆ. ಇಮಿಗ್ರೇಶನ್ ವಕೀಲೆ ವೀಣಾ ಅವರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಮೇಲಿನದನ್ನು ಓದಿ ಆಮೇಲೆ ಕೇಳಿ.

ರಶ್ಮಿ, ಟೆಕ್ಸಾಸ್: ಮೇಡಂ, ಮಗಳಿಗೆ ಕೌಂಟಿಯಿಂದ (ನಮ್ಮ ಜಿಲ್ಲಾಡಳಿತದ ಹಾಗೆ) ಪತ್ರ ಬಂದಿದೆ. ಸಿಟಿಜನ್ ಅಂತ 30 ದಿನದಲ್ಲಿ ತೋರಿಸಿ, ಇಲ್ಲದಿದ್ದರೆ ಹೆಸರು ತೆಗೆಯುತ್ತೇವೆ ಅಂತಿದೆ. ಅವಳು ಹುಟ್ಟಿದ್ದು ಮೈಸೂರಿನಲ್ಲಿ. ನಮ್ಮೆಲ್ಲರಿಗೂ ಗ್ರೀನ್ ಕಾರ್ಡ್ ಬಂದಾಗ ಅವಳಿಗೆ 9 ವರ್ಷ. ನಮ್ಮ ಯಜಮಾನರು ಸಿಟಿಜನ್ ಆದಾಗ 15. ಆಗಲೇ ಅವಳಿಗೂ ಅಮೆರಿಕನ್ ಪಾಸ್‌ಪೋರ್ಟ್ ಮಾಡಿಸಿದೆವು. ಈಗ ಒಹಾಯೊದಲ್ಲಿ ಓದುತ್ತಿದ್ದಾಳೆ. ಇಂಥ ಪತ್ರ ಎಲ್ಲ ಮೋಸ, ಉತ್ತರ ಕೊಡಬೇಡಿ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಅದಕ್ಕೇ ಸುಮ್ಮನೆ ಎತ್ತಿಟ್ಟಿದ್ದೆ.

ವೀಣಾ: ರಶ್ಮಿ ಅವರೇ, ಪತ್ರದ ಮೇಲೆ ತಾರೀಖು ಏನಿದೆ? ಮೊದಲು ಅದನ್ನು ಹೇಳಿ.

ರಶ್ಮಿ: ಮೂರು ವಾರದ ಹಿಂದಿನದು ಮೇಡಂ.

ವೀಣಾ: ಸರಿ, ಇನ್ನೂ ಟೈಮ್ ಇದೆ. ಆ ಫಾರ್ವರ್ಡ್ ಕಳಿಸಿದವರು ಯಾರೋ, ನಿಮ್ಮ ಮಗಳ ಮೂರು ವಾರ ತಿಂದುಬಿಟ್ಟರು. ಪತ್ರದ ಮೇಲೆ ಅನುಮಾನ ಇದ್ದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಕೌಂಟಿಯ ವೆಬ್‌ಸೈಟಿನಿಂದ ನಂಬರ್ ತೆಗೆದುಕೊಂಡು ಕೇಳಿ.

ನಿಮ್ಮ ಮಗಳ ಕೇಸ್ ಸ್ವಲ್ಪ ವಿಚಿತ್ರ. ಹೀಗೇ ಇರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. 2001ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮಗುವಿಗೆ 18 ತುಂಬಿರಬಾರದು, ಗ್ರೀನ್ ಕಾರ್ಡ್ ಇರಬೇಕು, ಸಿಟಿಜನ್ ಆದ ಅಪ್ಪ ಅಥವಾ ಅಮ್ಮನ ಸುಪರ್ದಿನಲ್ಲಿ ಇಲ್ಲೇ ವಾಸ ಇರಬೇಕು. ಇಷ್ಟಿದ್ದರೆ ಮಗು ತಾನಾಗಿಯೇ ಸಿಟಿಜನ್. ಅರ್ಜಿ ಇಲ್ಲ, ಪ್ರಮಾಣವಚನ ಇಲ್ಲ. ತೊಂದರೆ ಶುರುವಾಗುವುದೂ ಅಲ್ಲೇ. ಅರ್ಜಿಯೇ ಇಲ್ಲದ ಮೇಲೆ ಇಮಿಗ್ರೇಶನ್ ಇಲಾಖೆಯ ಫೈಲಿನಲ್ಲಿ ಅವಳು ಇನ್ನೂ ಗ್ರೀನ್ ಕಾರ್ಡಿನ ಹುಡುಗಿ. ಪಾಸ್‌ಪೋರ್ಟ್ ಕೊಟ್ಟಿದ್ದು ಬೇರೆ ಇಲಾಖೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಮಾಡಿಸಿದಾಗ ಬರೆದುಕೊಂಡ ಸ್ಥಿತಿಯೂ ತಾನಾಗಿ ಬದಲಾಗುವುದಿಲ್ಲ, ನಾವೇ ಹೋಗಿ ಹೇಳಬೇಕು. ಹೇಳಿದ್ರಾ?

ರಶ್ಮಿ: ಇಲ್ಲ ಮೇಡಂ. ಯಾರೂ ಹೇಳಲಿಲ್ಲ.

ವೀಣಾ: ಯಾರೂ ಹೇಳುವುದಿಲ್ಲ. ಈಗ ವೋಟರುಗಳನ್ನು ಪರೀಕ್ಷಿಸಲು ರಾಜ್ಯಗಳು ಬಳಸುತ್ತಿರುವುದು ಇಂಥ ದಾಖಲೆಗಳನ್ನೇ ನೋಡುವ ಸೇವ್ ಅನ್ನುವ ಫೆಡರಲ್ (ಕೇಂದ್ರ ಸರ್ಕಾರದ) ವ್ಯವಸ್ಥೆ. ಸರ್ಕಾರಿ ಸವಲತ್ತಿಗೆ ಯಾರು ಅರ್ಹರು ಅಂತ ನೋಡಲು 1980ರ ದಶಕದಲ್ಲಿ ಕಟ್ಟಿದ್ದು. 2025ರಲ್ಲಿ ಅದನ್ನು ಬದಲಾಯಿಸಿ, ಸೋಶಿಯಲ್ ಸೆಕ್ಯುರಿಟಿ ನಂಬರ್ ಹಾಕಿ ಲಕ್ಷಗಟ್ಟಲೆ ಹೆಸರು ಒಂದೇ ಸಲ ಹುಡುಕುವ ಹಾಗೆ ಮಾಡಿದರು. ರಾಜ್ಯಗಳಿಗೆ ಪುಕ್ಕಟೆ. ಟೆಕ್ಸಾಸ್ ತನ್ನ 1.8 ಕೋಟಿಗೂ ಜಾಸ್ತಿ ವೋಟರುಗಳ ಲಿಸ್ಟನ್ನು ಅದರಲ್ಲಿ ಹಾಕಿ, ಸಿಟಿಜನ್ ಅಲ್ಲದೆ ಇರಬಹುದಾದವರು 2,724 ಅಂತ 2025ರ ಅಕ್ಟೋಬರಿನಲ್ಲಿ ಹೇಳಿತು. ‘ಇರಬಹುದಾದವರು’ ಅಷ್ಟೇ. ಒಂದು ಕೌಂಟಿ ತನ್ನ ಪಾಲಿಗೆ ಬಂದ ಹೆಸರುಗಳನ್ನು ಕೂತು ನೋಡಿದರೆ, ಅವರಲ್ಲಿ ಸುಮಾರು ಕಾಲು ಭಾಗ ಜನ ಲೈಸೆನ್ಸ್ ಆಫೀಸಿನಲ್ಲಿ ಮೊದಲೇ ಸಿಟಿಜನ್ ಅನ್ನುವ ದಾಖಲೆ ತೋರಿಸಿದ್ದವರು.

ನಾಳೆಯೇ ಪಾಸ್‌ಪೋರ್ಟಿನ ಫೋಟೊ ಪುಟದ ಪ್ರತಿ ಮತ್ತು ಆ ಪತ್ರದ ಪ್ರತಿ ಕೌಂಟಿಗೆ ಹೋಗಬೇಕು. ಒರಿಜಿನಲ್ ಕೊಡಬೇಡಿ. ತಲುಪಿದ ರಸೀದಿ ಇಟ್ಟುಕೊಳ್ಳಿ. ಸಹಿ ಮಗಳದೇ ಇರಲಿ, ನೀವು ಮಾಡಬೇಡಿ. ಅಕಸ್ಮಾತ್ ಹೆಸರು ತೆಗೆದಿದ್ದರೂ ದಾಖಲೆ ತೋರಿಸಿದರೆ ವಾಪಸ್ ಸೇರಿಸುತ್ತಾರೆ. ಆಮೇಲೆ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ ಸರಿ ಮಾಡಿಸಲಿ. ಅವಳ ಹೆಸರಿನಲ್ಲೇ ಸಿಟಿಜನ್‌ಶಿಪ್ ಸರ್ಟಿಫಿಕೇಟ್ ಬೇಕಂದರೆ ಎನ್-600 ಅರ್ಜಿ ಇದೆ. ಫೀಸು ಸಾವಿರ ಡಾಲರಿಗೂ ಜಾಸ್ತಿ. ಕಡ್ಡಾಯ ಅಲ್ಲ.

ಗಿರೀಶ್: ಗ್ರೀನ್ ಕಾರ್ಡ್ ಇದೆ. ವೋಟ್ ಹಾಕಬಹುದಾ?

ವೀಣಾ: ಇಲ್ಲ.

ಸುಮಾ: ಮೇಡಂ, ಸಿಟಿಜನ್‌ಶಿಪ್ ಸರ್ಟಿಫಿಕೇಟ್ ಜೆರಾಕ್ಸ್ ಮಾಡಿದರೆ ಜೈಲು ಅಂತ ಗ್ರೂಪಿನಲ್ಲಿ ಬಂದಿದೆ. ಅದರ ಮೇಲೆ ಬರೆದೂ ಇದೆಯಲ್ವಾ?

ವೀಣಾ: ಹಳೇ ಸರ್ಟಿಫಿಕೇಟಿನಲ್ಲಿ ಹಾಗೆ ಬರೆದಿದೆ, ನಿಜ. ಅದು ಕಳ್ಳ ಕೆಲಸಕ್ಕೆ ನಕಲು ಮಾಡುವವರಿಗೆ. ಸರ್ಕಾರವೇ ಕೇಳಿದಾಗ ಪ್ರತಿ ಕೊಡುವುದು ತಪ್ಪಲ್ಲ. ಆ ಮೆಸೇಜ್ ಇನ್ನೊಬ್ಬರಿಗೆ ಕಳಿಸಬೇಡಿ ದಯವಿಟ್ಟು.

ಪ್ರಕಾಶ್, ಅಟ್ಲಾಂಟ: ಇಷ್ಟೆಲ್ಲ ಗಲಾಟೆ ಯಾಕೆ? ಸಿಟಿಜನ್ ಹೌದೋ ಅಲ್ವೋ ನೋಡಿದರೆ ಏನು ತಪ್ಪು? ಕೇಂದ್ರ ಸರ್ಕಾರ ಕೇಳಿದ ವೋಟರ್ ಲಿಸ್ಟನ್ನು ಕ್ಯಾಲಿಫೋರ್ನಿಯಾದವರು ಕೊಡಲ್ಲ ಅಂದರೆ ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಅರ್ಥ.

ಹರೀಶ್, ಸ್ಯಾನ್ ಹೋಸೆ: ಸ್ವಾಮಿ, ಅವರು ಕೇಳಿದ್ದು ಬರೀ ಹೆಸರಲ್ಲ. ಹುಟ್ಟಿದ ದಿನ, ಲೈಸೆನ್ಸ್ ನಂಬರ್, ಸೋಶಿಯಲ್ ಸೆಕ್ಯುರಿಟಿಯ ಕೊನೆಯ ನಾಲ್ಕು ಅಂಕಿ. ನಿಮ್ಮದನ್ನು ಇಲ್ಲಿ ಹಾಕಿ ನೋಡೋಣ.

ಪ್ರಕಾಶ್: ಸರ್ಕಾರದ ಹತ್ತಿರ ಅದೆಲ್ಲ ಮೊದಲೇ ಇದೆ ಮಾರಾಯರೇ.

ಹರೀಶ್: ಇದ್ದರೆ ಮತ್ತೆ ಯಾಕೆ ಕೇಳ್ತಾರೆ?

ಲತಾ: ನನಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ, ವೋಟರ್ ಕಾರ್ಡಿನಲ್ಲಿ ಗಂಡನ ಹೆಸರು. ತೊಂದರೆ ಆಗುತ್ತಾ ಮೇಡಂ?

ವೀಣಾ: ಪ್ರಕಾಶ್, ಹರೀಶ್, ಇಬ್ಬರಿಗೂ ಒಂದೇ ಸಲ ಹೇಳಿಬಿಡುತ್ತೇನೆ. ಚುನಾವಣೆ ನಡೆಸುವುದು ರಾಜ್ಯಗಳು. ನಿಯಮ ಬದಲಾಯಿಸುವ ಅಧಿಕಾರ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗಿದೆ, ಅಧ್ಯಕ್ಷರಿಗಲ್ಲ. 2025ರ ಮಾರ್ಚಿನಲ್ಲಿ ಟ್ರಂಪ್ ಅವರು ವೋಟರ್ ಆಗಿ ನೋಂದಾಯಿಸುವ ಫೆಡರಲ್ ಫಾರಂಗೆ ಸಿಟಿಜನ್‌ಶಿಪ್ ದಾಖಲೆ ಬೇಕು ಅಂತ ಆದೇಶ ಹೊರಡಿಸಿದರು. ಆ ಅಂಶವನ್ನು ಫೆಡರಲ್ ನ್ಯಾಯಾಧೀಶೆ ಕೊಲ್ಲರ್-ಕೋಟೆಲಿ ಅಕ್ಟೋಬರ್ 31ರಂದು ತಡೆದದ್ದು ಇದೇ ಕಾರಣಕ್ಕೆ. ಲಿಸ್ಟ್ ಕೊಡಿ ಅಂತ ಕೇಂದ್ರದ ನ್ಯಾಯ ಇಲಾಖೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊದಲು ಮೇನ್, ಆರೆಗಾನ್ ರಾಜ್ಯಗಳ ಮೇಲೆ ಕೇಸ್ ಹಾಕಿತು. ಆಮೇಲೆ ಕ್ಯಾಲಿಫೋರ್ನಿಯಾ, ಇನ್ನೂ ಹಲವು. ಕ್ಯಾಲಿಫೋರ್ನಿಯಾದ ಕೇಸನ್ನು ಅಲ್ಲಿನ ಫೆಡರಲ್ ನ್ಯಾಯಾಧೀಶರು 2026ರ ಜನವರಿಯಲ್ಲಿ ವಜಾ ಮಾಡಿದರು. ಇನ್ನು ದಾಖಲೆ ಕೇಳಿದರೆ ಏನು ತಪ್ಪು ಅನ್ನುವವರು ಕ್ಯಾನ್ಸಸ್ ರಾಜ್ಯ ನೋಡಿ. ಅಲ್ಲಿ ಇಂಥದೇ ಕಾನೂನು 31,000ಕ್ಕೂ ಜಾಸ್ತಿ ವೋಟರ್ ಅರ್ಜಿಗಳನ್ನು ತಡೆಯಿತು. 2020ರಲ್ಲಿ ಅಪೀಲು ಕೋರ್ಟೂ ಅದನ್ನು ಒಪ್ಪಲಿಲ್ಲ. ಜಗಳ ಬೇರೆ ಕಡೆ ಆಡಿ.

ಪ್ರಕಾಶ್: ಊರಲ್ಲಿ ಬಿಹಾರದ ವೋಟರ್ ಲಿಸ್ಟ್ ತಿದ್ದಿದಾಗಲೂ ಇದೇ ಜನ ಬಾಯಿ ಬಡ್ಕೊಂಡ್ರು.

ಹರೀಶ್: ಇದೇ ಜನ ಅಂದರೆ ಯಾರು? ಹೆಸರು ಹೇಳಿ.

ಮಂಜುನಾಥ್, ಇಲಿನಾಯ್: ಮೇಡಂ, ನನ್ನದು ಗ್ರೀನ್ ಕಾರ್ಡ್. ಲೈಸೆನ್ಸ್ ಮಾಡಿಸುವಾಗ ಸ್ಕ್ರೀನಿನಲ್ಲಿ ಏನೋ ಕೇಳಿತು, ‘ಎಸ್’ ಒತ್ತಿಬಿಟ್ಟೆ. ಮನೆಗೆ ವೋಟರ್ ಕಾರ್ಡ್ ಬಂತು. ವೋಟ್ ಹಾಕಿಲ್ಲ. ಮುಂದಿನ ತಿಂಗಳು ಸಿಟಿಜನ್‌ಶಿಪ್‌ಗೆ ಹಾಕಬೇಕು. ‘ಗೊತ್ತಿಲ್ಲದೆ ಸಿಟಿಜನ್ ಅಂತ ಹೇಳಿದ್ದೆ, ಹೆಸರು ತೆಗೆಯಿರಿ’ ಅಂತ ಬರೆದುಕೊಟ್ಟರೆ ಎಲ್ಲ ಅಳಿಸಿಹೋಗುತ್ತದೆ ಅಂತ ಒಂದು ನಮೂನೆ ಪತ್ರ ಓಡಾಡ್ತಿದೆ. ಕಳಿಸಲಾ?

ವೀಣಾ: ಮಂಜುನಾಥ್ ಅವರೇ, ಕಳಿಸಬೇಡಿ. ಇಲ್ಲಿ ಇನ್ನೊಂದು ಅಕ್ಷರವನ್ನೂ ಬರೆಯಬೇಡಿ.

ಆ ಪತ್ರ ಏನನ್ನೂ ಅಳಿಸುವುದಿಲ್ಲ. ನೀವೇ ಸಹಿ ಹಾಕಿ ಒಪ್ಪಿಕೊಂಡ ಹಾಗಾಗುತ್ತದೆ. ಸಿಟಿಜನ್ ಅಲ್ಲದವರು ಸಿಟಿಜನ್ ಅಂತ ಹೇಳಿಕೊಳ್ಳುವುದು ಇಮಿಗ್ರೇಶನ್ ಕಾನೂನಿನಲ್ಲಿ ಕ್ಷಮೆ ಸಿಗುವುದೇ ಕಷ್ಟವಾದ ತಪ್ಪು. ದೇಶ ಬಿಡಿಸುವ ಮಟ್ಟಕ್ಕೂ ಹೋಗಬಹುದು. ಆದರೆ ನೀವು ‘ಎಸ್’ ಅಂದದ್ದು ಯಾವ ಪ್ರಶ್ನೆಗೆ? ಸಿಟಿಜನ್ನಾ ಅಂತ ಕೇಳಿತ್ತಾ, ವೋಟರ್ ಲಿಸ್ಟಿಗೆ ಸೇರಿಸಲಾ ಅಂತ ಕೇಳಿತ್ತಾ? ಸಹಿ ಮಾಡಿದ್ದು ಯಾವುದರ ಕೆಳಗೆ? ನಿಮ್ಮ ಇಡೀ ಕೇಸ್ ಅದರ ಮೇಲೆ ನಿಂತಿದೆ. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಯಾವತ್ತಾದರೂ ವೋಟರ್ ಆಗಿ ಹೆಸರು ನೋಂದಾಯಿಸಿದ್ದೀರಾ ಅಂತ ನೇರವಾಗಿ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳಿದರೆ ಅದು ಇನ್ನೊಂದು ತಪ್ಪು. ಹೆಸರು ತೆಗೆಸಲೇಬೇಕು, ಆದರೆ ಯಾವ ಮಾತಿನಲ್ಲಿ ಬರೆದು ತೆಗೆಸಬೇಕು ಅನ್ನುವುದನ್ನು ವಕೀಲರು ನೋಡಲಿ. ಲೈಸೆನ್ಸ್ ಆಫೀಸಿನ ಆ ಅರ್ಜಿಯ ಪ್ರತಿಯನ್ನೂ ಅವರೇ ತರಿಸಲಿ. ಅಲ್ಲಿಯವರೆಗೆ ಸಿಟಿಜನ್‌ಶಿಪ್ ಅರ್ಜಿ ಹಾಕಬೇಡಿ, ವೋಟಂತೂ ಹಾಕಲೇಬೇಡಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.

ನಾಗರಾಜ್: ಸುಮ್ನೆ ಹೆದರಿಸ್ತಿದ್ದೀರಾ ಮೇಡಂ. ನಮ್ಮ ಭಾವನಿಗೂ ಹೀಗೇ ಆಗಿತ್ತು, ಏನೂ ಆಗಲಿಲ್ಲ.

ವೀಣಾ: ನಿಮ್ಮ ಭಾವನ ಫೈಲ್ ನಾನು ನೋಡಿಲ್ಲ. ನೀವೂ ನೋಡಿರಲಿಕ್ಕಿಲ್ಲ.

ಗಿರೀಶ್: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಕೂಲ್ ಬೋರ್ಡ್ ಚುನಾವಣೆಗೆ ಸಿಟಿಜನ್ ಅಲ್ಲದ ಅಪ್ಪ ಅಮ್ಮನೂ ವೋಟ್ ಹಾಕ್ತಾರಲ್ಲ?

ವೀಣಾ: ಆ ಊರಿನ ನಿಯಮದಲ್ಲಿ ಅವಕಾಶ ಇದೆ. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಸ್ಥಳೀಯ ಚುನಾವಣೆಯ ಬಗ್ಗೆಯೂ ಕೇಳುತ್ತಾರೆ. ವಕೀಲರನ್ನು ಕೇಳದೆ ಹಾಕಬೇಡಿ.

ಪ್ರಕಾಶ್: ನೋಡಿ, ನಾನು ಹೇಳಿದ್ದು ಇದನ್ನೇ!

ಹರೀಶ್: ಸ್ಕೂಲ್ ಬೋರ್ಡಿಗೂ ವೈಟ್ ಹೌಸಿಗೂ ವ್ಯತ್ಯಾಸ ಗೊತ್ತಿಲ್ಲದವರ ಹತ್ತಿರ ಏನು ಮಾತಾಡೋದು.

ಪ್ರಕಾಶ್: ಮರ್ಯಾದೆ ಕೊಟ್ಟು ಮಾತಾಡಿ.

ಶೈಲಜಾ: ನಾನು ಇಲ್ಲಿ ಸಿಟಿಜನ್, ಒಸಿಐ (ಭಾರತ ಸರ್ಕಾರ ಕೊಡುವ ಸಾಗರೋತ್ತರ ಭಾರತೀಯರ ಕಾರ್ಡ್) ಇದೆ. ಬೆಂಗಳೂರಿನ ವೋಟರ್ ಲಿಸ್ಟಿನಲ್ಲಿ ಇನ್ನೂ ಹೆಸರಿದೆ. ಊರಿಗೆ ಹೋದಾಗ ಹಾಕಬಹುದಾ?

ವೀಣಾ: ಬೇಡ. ಒಸಿಐಗೆ ಅಲ್ಲಿ ವೋಟಿಲ್ಲ. ಅಲ್ಲಿನ ಚುನಾವಣಾ ಕಚೇರಿಗೆ ಫಾರಂ 7 ಕೊಟ್ಟು ಹೆಸರು ತೆಗೆಸಿ.

ಕಿರಣ್: ಎಚ್-1ಬಿ ವೀಸಾದಲ್ಲಿ (ಕೆಲಸದ ವೀಸಾ) ಇರುವವರು ವೋಟ್ ಹಾಕಬಹುದಾ?

ವೀಣಾ: ಮೇಲೆ ಓದಿ.

ಲತಾ: ಮೇಡಂ, ನನ್ನ ಹೆಸರಿನ ಪ್ರಶ್ನೆ?

ನಾಗರಾಜ್: ಮಂಜುನಾಥ್ ಸರ್, ಆ ನಮೂನೆ ಪತ್ರ ಇಲ್ಲಿ ಹಾಕಿ, ಬೇರೆಯವರಿಗೂ ಅನುಕೂಲ ಆಗಲಿ.

ವೀಣಾ: ಅಡ್ಮಿನ್, ಆ ಪತ್ರ ಯಾರಾದರೂ ಹಾಕಿದರೆ ತಕ್ಷಣ ತೆಗೆಯಿರಿ. ಮಂಜುನಾಥ್ ಅವರ ಪ್ರಶ್ನೆಯನ್ನೂ ತೆಗೆಯಿರಿ, ಈಗಲೇ. ರಶ್ಮಿ ಅವರೇ, ನಾಳೆ ಕೌಂಟಿಯಿಂದ ರಸೀದಿ ಸಿಗದಿದ್ದರೆ ನನಗೆ ಫೋನ್ ಮಾಡಿ.