ಹಾಯಿದೋಣಿಯ ಒಳಗಿನ ಮರದ ನೆಲ ಬದಲಿಸಿದವರು ಹೇಗೆ ಮಾಡಿದಿರಿ?

ಸೌತಾಂಪ್ಟನ್‌ನಿಂದ ಪ್ರಶ್ನೆ

ನಮಸ್ಕಾರ. ನನ್ನದು 30 ಅಡಿಯ ಹಳೇ ಫೈಬರ್ ಹಾಯಿದೋಣಿ. ರಿಪೇರಿಗೆ ಅಂತ ನೀರಿನಿಂದ ಮೇಲೆತ್ತಿಸಿದ್ದೇನೆ. ಕ್ಯಾಬಿನ್ ನೆಲದ ತೇಗದ ಪ್ಲೈ ಮೆಟ್ಟಿಲ ಬುಡದಲ್ಲಿ ಕಪ್ಪಾಗಿದೆ. ಉಜ್ಜಿ ವಾರ್ನಿಶ್ ಹೊಡೆದರೆ ಸಾಕಾ, ಹೊಸದೇ ಹಾಕಬೇಕಾ? ಎಷ್ಟು ಕೋಟ್ ಬೇಕು? ಮಾಡಿದವರು ದಯವಿಟ್ಟು ಹೇಳಿ.

ರಾಟರ್‌ಡ್ಯಾಮ್‌ನಿಂದ

ಮೊದಲು ಸ್ಕ್ರೂಡ್ರೈವರ್ ತುದಿಯಿಂದ ಕಪ್ಪಾದ ಕಡೆ ಒತ್ತಿ ನೋಡಿ. ಒಳಗೆ ಇಳಿದರೆ ಆ ಹಲಗೆಯ ಕಥೆ ಮುಗಿಯಿತು, ಯಾವ ವಾರ್ನಿಶ್ಶೂ ಉಳಿಸುವುದಿಲ್ಲ. ಗಟ್ಟಿಯಾಗಿದ್ದು ಬರೀ ಕಲೆ ಇದ್ದರೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ಕರಗಿಸಿ ಹಚ್ಚಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಮೆಷಿನ್ ಹಿಡಿದು ಜಾಸ್ತಿ ಉಜ್ಜಬೇಡಿ. ಮೇಲೆ ಕಾಣುವ ತೇಗ ತೀರಾ ತೆಳು ಪದರ. ಒಮ್ಮೆ ತೂತಾದರೆ ಕೆಳಗಿನ ಪ್ಲೈ ಕಾಣಿಸಿಕೊಳ್ಳುತ್ತದೆ, ಮುಚ್ಚಲು ದಾರಿಯೇ ಇಲ್ಲ.

ಹೊಸದು ಹಾಕುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಕಿಟಕಿ, ಹ್ಯಾಚ್ (ಛಾವಣಿಯ ಮುಚ್ಚಳ), ಮಾಸ್ಟ್ ಅಂದರೆ ಹಾಯಿಕಂಬ ಒಳಗೆ ಇಳಿಯುವ ಜಾಗ, ಸಿಹಿನೀರಿನ ಟ್ಯಾಂಕಿನ ಪೈಪು ಎಲ್ಲ ನೋಡಿ. ಮರ ಕೊಳೆಸುವುದರಲ್ಲಿ ಸಮುದ್ರದ ನೀರಿಗಿಂತ ಮಳೆನೀರೇ ಕೆಟ್ಟದ್ದು. ಉಪ್ಪಿನಲ್ಲಿ ಬೂಷ್ಟು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಮೆಟ್ಟಿಲ ಬುಡ ಮೊದಲು ಹಾಳಾಗುವುದೂ ಅದಕ್ಕೇ. ಒದ್ದೆ ರೇನ್‌ಕೋಟ್ ಹಾಕಿಕೊಂಡು ಎಲ್ಲರೂ ಇಳಿಯುವುದು ಅಲ್ಲೇ ಅಲ್ವಾ.

ಹಳೇ ಹಲಗೆಗಳನ್ನು ಎಸೆಯಬೇಡಿ, ಅವೇ ಅಳತೆ. ಹಳೆಯದರ ದಪ್ಪ ಅಳೆದು ಅದೇ ದಪ್ಪದ ಮರೈನ್ ಪ್ಲೈ (ದೋಣಿಗೆ ಬಳಸುವ, ನೀರು ತಡೆಯುವ ಪ್ಲೈ) ತನ್ನಿ. ನಿಮ್ಮಲ್ಲಿ ಅದಕ್ಕೆ ಬಿಎಸ್ 1088 ಅನ್ನುವ ಗುಣಮಟ್ಟ ಇದೆ. ತೇಗದ ನಡುವೆ ಹಾಲಿ (holly) ಅನ್ನುವ ಮರದ ಬಿಳಿ ಪಟ್ಟಿ ಇರುವ ಶೀಟ್ ಆದರೆ, ಪಟ್ಟಿಗಳು ಒಂದು ಹಲಗೆಯಿಂದ ಮುಂದಿನದಕ್ಕೆ ನೇರ ಹೋಗುವಂತೆ ಶೀಟಿನ ಮೇಲೆ ಜೋಡಿಸಿ ಗೆರೆ ಹಾಕಿ. ಜಿಗ್ ಸಾ ಬ್ಲೇಡ್ ಸಾಮಾನ್ಯವಾಗಿ ಮೇಲಕ್ಕೆ ಬರುವಾಗ ಕತ್ತರಿಸುತ್ತದೆ. ಹಾಗಾಗಿ ಮುಖ ಕೆಳಗೆ ಮಾಡಿ ಕೊಯ್ದರೆ ತೇಗ ಸಿಪ್ಪೆ ಏಳುವುದಿಲ್ಲ. ಸುತ್ತಲೂ 2–3 ಮಿ.ಮೀ. ಸಂದು ಬಿಡಿ. ಸ್ಟ್ಯಾಂಡ್ ಮೇಲಿದ್ದಾಗಿನ ದೋಣಿಯ ಆಕಾರ ನೀರಿಗಿಳಿದಾಗ ಸ್ವಲ್ಪ ಬದಲಾಗುತ್ತದೆ. ಬಿಗಿಯಾಗಿ ಕೂರಿಸಿದ ಹಲಗೆ ಆಗ ಕಚ್ಚಿಕೊಂಡುಬಿಟ್ಟರೆ, ತಳದ ಬಿಲ್ಜ್‌ಗೆ ನೀರು ನುಗ್ಗಿದ ಹೊತ್ತಿನಲ್ಲಿ ಎತ್ತಲು ಆಗುವುದಿಲ್ಲ.

ಇನ್ನು ಅಂಚು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ನೆಲ ಕೊಳೆಯುವುದು ನಾವು ನೋಡುವ ಮುಖದಿಂದ ಅಲ್ಲ, ಕೊಯ್ದ ಅಂಚಿನಿಂದ ಮತ್ತು ಕೆಳಮುಖದಿಂದ. ಅಂಚಿಗೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ರಾಳ) ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹೊಳಪು ಹೋಗಿ ಮತ್ತೆ ಒಣಗಿದ ಹಾಗೆ ಕಾಣುತ್ತದೆ. ಅಂದರೆ ಇನ್ನೂ ಕುಡಿಯುತ್ತಿದೆ. ಹಸಿ ಇರುವಾಗಲೇ ಮತ್ತೆ ಹಚ್ಚಿ, ಹೊಳಪು ನಿಲ್ಲುವ ತನಕ. ಬೆರಳು ಹಾಕಿ ಎತ್ತುವ ತೂತು, ಸ್ಕ್ರೂ ತೂತುಗಳ ಒಳಗೋಡೆಗೂ ಹೀಗೇ. ಕೆಳಮುಖಕ್ಕೆ ಮೂರು ಕೋಟ್ ಎಪಾಕ್ಸಿ. ಗಟ್ಟಿಯಾದ ಮೇಲೆ ಕೆಲವು ಎಪಾಕ್ಸಿ ಮೇಲೆ ಜಿಡ್ಡು ಪದರ ಬರುತ್ತದೆ. ಅದನ್ನು ಮೊದಲು ನೀರಿನಲ್ಲಿ ತೊಳೆದು, ಆಮೇಲೆ ಸ್ಯಾಂಡ್ ಪೇಪರ್ ಹಿಡಿಯಿರಿ.

ಮೇಲ್ಮುಖಕ್ಕೆ ವಾರ್ನಿಶ್. ನಾನು ಬಳಸಿದ್ದು ಇಲ್ಲಿನ ಆಲ್ಸ್‌ಮೇರ್ ಊರಿನ ಎಪಿಫೇನ್ಸ್. ಮೊದಲ ಕೋಟ್‌ಗೆ ಧಾರಾಳವಾಗಿ ತಿನ್ನರ್ ಬೆರೆಸಿ ತೆಳು ಮಾಡಿ, ಮರದೊಳಗೆ ಇಳಿಯಲಿ. ಮುಂದಿನ ಕೋಟ್‌ಗಳಿಗೆ ತಿನ್ನರ್ ಕಮ್ಮಿ ಮಾಡುತ್ತಾ ಬನ್ನಿ. ಓಡಾಡುವ ಜಾಗಕ್ಕೆ ಆರೇಳು ಕೋಟ್ ಬೇಕೇ ಬೇಕು. ಮಧ್ಯೆ ಮಧ್ಯೆ 220, ಆಮೇಲೆ 320 ನಂಬರ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಧೂಳು ಪೂರ್ತಿ ಒರೆಸಿ. ಸಾಧ್ಯವಾದರೆ ಹಲಗೆಗಳನ್ನು ಮನೆಗೇ ತಂದು ಹೊಡೆಯಿರಿ. ನಿಮ್ಮ ಊರಿನ ಚಳಿಗಾಲದಲ್ಲಿ ದೋಣಿಯೊಳಗೆ ವಾರ್ನಿಶ್ ಒಣಗುವುದು ಕಷ್ಟ.

ಮಂಗಳೂರಿನಿಂದ

ಮೇಲಿನವರು ಅಂಚಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ಸಣ್ಣ ದೋಣಿಗೆ ಹಲಗೆ ಹಾಕುವವರು ಇದ್ದರೆ ಅವರಿಗೊಂದು ಮಾತು. ಪ್ಲೈ ಮೇಲೆ ಐಎಸ್ 710 (ಮರೈನ್ ಪ್ಲೈಗೆ ನಮ್ಮ ದೇಶದ ಗುಣಮಟ್ಟ) ಮುದ್ರೆ ನೋಡಿ ತಗೊಳ್ಳಿ. ಐಎಸ್ 303 ಬಿಡಬ್ಲ್ಯೂಆರ್ (ಕುದಿನೀರು ತಡೆಯುವ ಮಾಮೂಲಿ ಪ್ಲೈ) ಅಡುಗೆಮನೆ ಕಪಾಟಿಗೆ ಸರಿ, ದೋಣಿಗೆ ಬೇಡ. ಫರ್ನಿಚರ್‌ಗೆ ಹೊಡೆಯುವ ಮೆಲಮೈನ್ ಪಾಲಿಶನ್ನೂ ಇದಕ್ಕೆ ಹೊಡೆಸಬೇಡಿ. ವಾರ್ನಿಶ್ ಕೆಲಸ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ. ಮಳೆಗಾಲದ ತೇವದಲ್ಲಿ ಹೊಡೆದರೆ ಮೇಲೆ ಮಂಜು ಕೂತ ಹಾಗೆ ಬೆಳ್ಳಗಾಗುತ್ತದೆ.

ಸೌತಾಂಪ್ಟನ್‌ನಿಂದ

ಸ್ಕ್ರೂಡ್ರೈವರ್ ಇಳಿಯಿತು, ಎರಡು ಹಲಗೆ ಹೊಸದೇ. ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಹೆಚ್ಚು ಗಟ್ಟಿ ಅನ್ನುತ್ತಾರೆ. ಅದನ್ನೇ ಹೊಡೆಯಲಾ? ನೆಲ ಜಾರುವುದಿಲ್ವಾ?

ರಾಟರ್‌ಡ್ಯಾಮ್‌ನಿಂದ

ಗಟ್ಟಿ ಹೌದು. ಹೊಸ ಹಲಗೆಗೆ ಹೊಡೆಯಬಹುದು. ಹಳೇ ಮಾಮೂಲಿ ವಾರ್ನಿಶ್ ಮೇಲೆ ಮಾತ್ರ ಬೇಡ, ಪಾಲಿಯುರೆಥೇನ್‌ನ ತಿನ್ನರ್‌ಗೆ ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತದೆ. ಪಾಲಿಯುರೆಥೇನ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಿಗೆ ಒಳ್ಳೆಯದಲ್ಲ. ಡಬ್ಬಿಯ ಮೇಲೆ ಹೇಳಿರುವ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಕೊನೆಯ ಕೋಟ್ ಫಳಫಳ ಹೊಳೆಯುವುದು ಬೇಡ, ಸ್ಯಾಟಿನ್ ಹೊಡೆಯಿರಿ. ಮೆಟ್ಟಿಲ ಬುಡಕ್ಕೆ ಜಾರದ ಪುಡಿ ಬೆರೆಸಿ ಇನ್ನೊಂದು ಕೋಟ್. ದೋಣಿ ವಾಲಿದಾಗ ಒದ್ದೆ ಕಾಲು ಜಾರಿದರೆ ಪಕ್ಕೆಲುಬಿಗೇ ಪೆಟ್ಟು.

ಸಮುದ್ರಕ್ಕೆ ದೂರ ಹೋಗುವವರಾದರೆ, ದೋಣಿ ತೀರಾ ವಾಲಿದರೂ ಕಳಚಿ ಬೀಳದ ಹಾಗೆ ಹಲಗೆಗಳಿಗೆ ತಿರುಗಿಸುವ ಲಾಕ್ ಹಾಕಿ. ಮತ್ತೆ, ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದುರಿ ದೋಣಿಯೊಳಗೆ ಬಿಡಬೇಡಿ. ವಾರ್ನಿಶ್‌ನಲ್ಲಿರುವ ಎಣ್ಣೆ ಒಣಗುವಾಗ ಬಟ್ಟೆ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ ಆಮೇಲೆ ಕಸಕ್ಕೆ ಹಾಕಿ.