ಹೋಮ್ ಸಿಗ್ನಲ್ ತಲೆಯ ಮೇಲಿನ ಐದು ಬಿಳಿ ದೀಪಗಳು: ಎಚ್‌ಒ ಅಳತೆಯಲ್ಲಿ ಹೇಗೆ?

ಬೀರೂರು_ಜಂಕ್ಷನ್:
ಎಲ್ಲರಿಗೂ ನಮಸ್ಕಾರ. ಎಂಟು ಅಡಿ ಹಲಗೆಯ ಮೇಲೆ ಬೀರೂರು ರೈಲು ನಿಲ್ದಾಣದ ಮಾದರಿಯನ್ನು ಎಚ್‌ಒ (1:87, ಅಂದರೆ ನಿಜದ 87ನೇ ಒಂದು ಭಾಗ) ಅಳತೆಯಲ್ಲಿ ಕಟ್ಟುತ್ತಿದ್ದೇನೆ. ಹೋಮ್ ಸಿಗ್ನಲ್‌ನ (ನಿಲ್ದಾಣದೊಳಗೆ ಬರಲು ಅನುಮತಿ ಕೊಡುವ ಸಿಗ್ನಲ್) ಹಸಿರು, ಹಳದಿ, ಕೆಂಪು ಮೂರೂ 0603 ಎಂಬ ಪುಟ್ಟ ಎಲ್‌ಇಡಿಗಳಲ್ಲಿ ಬೆಳಗುತ್ತಿವೆ. ತಲೆನೋವು ರೂಟ್ ಇಂಡಿಕೇಟರ್‌ನದು, ಅಂದರೆ ಗಾಡಿ ಪಕ್ಕದ ಹಳಿಗೆ ತಿರುಗುತ್ತದೆಂದು ತೋರಿಸುವ ಐದು ಬಿಳಿ ದೀಪಗಳ ಪಟ್ಟಿಯದು. ಕಂಬ 2 ಮಿ.ಮೀ. ಹಿತ್ತಾಳೆ ಕೊಳವೆ, ಅದರೊಳಗೆ ಇನ್ನೂ ಐದು ದೀಪಗಳ ತಂತಿ ತೂರಿಸಲು ಜಾಗವೇ ಇಲ್ಲ. ಯಾರಾದರೂ ಮಾಡಿದ್ದೀರಾ?

ಕಿರುಹಳಿ:
ಬ್ರಿಟಿಷ್ ಮಾದರಿಯವು ಸಿದ್ಧವಾಗಿಯೇ ಸಿಗುತ್ತವೆ, ಅವಕ್ಕೂ ಐದೇ ದೀಪ. ಆದರೆ ಹೆಚ್ಚಿನವು 1:76 ಅಳತೆಯವು. ನಿಮ್ಮ ಗಾಡಿಯ ಪಕ್ಕದಲ್ಲಿ ದೈತ್ಯನಂತೆ ಕಾಣುತ್ತವೆ.

ನಿವೃತ್ತ_ಸಿಗ್ನಲ್‌ನವರು:
ಐದು ದೀಪಗಳಿಗೆ ಐದು ಎಲ್‌ಇಡಿ ಏಕೆ ಸ್ವಾಮಿ? ಒಂದು ಸಾಕು. ಅಲಂಕಾರದ ದೀಪಗಳಲ್ಲಿ ಬರುವ 0.5 ಮಿ.ಮೀ. ಪ್ಲಾಸ್ಟಿಕ್ ಫೈಬರ್ ಎಳೆ ತನ್ನಿ. ಇಂಡಿಕೇಟರ್ ಪಟ್ಟಿಯಲ್ಲಿ ಐದು ರಂಧ್ರ ಕೊರೆದು ಹಿಂದಿನಿಂದ ಒಂದೊಂದು ಎಳೆ ತೂರಿಸಿ. ಮುಂದೆ ಚಾಚಿದ ತುದಿಯ ಹತ್ತಿರ ಬಿಸಿ ಸೋಲ್ಡರಿಂಗ್ ಐರನ್ ಹಿಡಿಯಿರಿ, ಮುಟ್ಟಿಸಬೇಡಿ. ತುದಿ ತಾನಾಗಿ ಉಬ್ಬಿ ಸಣ್ಣ ಮಸೂರದಂತಾಗುತ್ತದೆ. ಅಷ್ಟಾದ ಕೂಡಲೇ ಐರನ್ ತೆಗೆಯಿರಿ, ಇನ್ನೊಂದು ಕ್ಷಣ ಬಿಟ್ಟರೆ ಕರಗಿ ಬಾಗುತ್ತದೆ. ಎಳೆಯನ್ನು ಹಿಂದಕ್ಕೆ ಎಳೆದರೆ ಉಬ್ಬು ರಂಧ್ರಕ್ಕೆ ಕಚ್ಚಿಕೊಳ್ಳುತ್ತದೆ. ಹಿಂಬದಿಯ ಐದೂ ಎಳೆಗಳನ್ನು ಕಟ್ಟುಮಾಡಿ, ಕಂಬದ ಉದ್ದಕ್ಕೂ ಇಳಿಸಿ, ಹಲಗೆಯ ಕೆಳಗೆ ಒಂದು ಬಿಳಿ ಎಲ್‌ಇಡಿಯ ಮೂತಿಗೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ) ಕೊಳವೆಯಿಂದ ಬಿಗಿಯಿರಿ. ಮೂರು ಬಣ್ಣಗಳಿಗೆ ಎನಾಮಲ್ ತಂತಿ (ತೆಳು ಲೇಪನದ ತಾಮ್ರದ ತಂತಿ) ಬಳಸಿದ್ದರೆ ತೆಳು ಗೋಡೆಯ ಕಂಬದಲ್ಲಿ ಜಾಗ ಹೇಗೋ ಸಾಲುತ್ತದೆ.

ಪ್ಲಾಸ್ಟಿಕ್ ಪಟ್ಟಿಗೆ ಮೊದಲು ಕಪ್ಪು ಬಣ್ಣ ಹಚ್ಚದಿದ್ದರೆ ಬೆಳಕು ಸೋರುತ್ತದೆ. ಇನ್ನು 12 ವೋಲ್ಟ್‌ಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ ಮದುವೆ ಮಂಟಪ ಮಾಡಬೇಡಿ. 10 ಕಿಲೋಓಮ್‌ನಿಂದ ಶುರುಮಾಡಿ. ಮಂದವೆನಿಸಿದರೆ ಇಳಿಸುತ್ತಾ ಬನ್ನಿ.

ಅಂದ ಹಾಗೆ, ಎಂಟು ಅಡಿಯಲ್ಲಿ ಹತ್ತು ಬೋಗಿಯ ಗಾಡಿಯೂ ನಿಲ್ಲುವುದಿಲ್ಲ. ಬೀರೂರಿನವರು ಒಪ್ಪುತ್ತಾರೆಯೇ?

ಬೀರೂರು_ಜಂಕ್ಷನ್:
ಧನ್ಯವಾದ ಸರ್! ಆರು ಬೋಗಿಯ ಪ್ಯಾಸೆಂಜರ್ ಓಡಿಸಿ ಸಮಾಧಾನ ಪಟ್ಟುಕೊಳ್ಳುತ್ತೇನೆ. ಇಂಡಿಕೇಟರ್‌ಗೆ ಬೇರೆ ಸ್ವಿಚ್ ಬೇಕೇ?

ನಿವೃತ್ತ_ಸಿಗ್ನಲ್‌ನವರು:
ಬೇಡ. ಕೆಂಪು ಇರುವಾಗ ಅದು ಉರಿಯಲೇಬಾರದು, ಮೇನ್ ಲೈನ್‌ಗೆ ಬಿಟ್ಟಾಗಲೂ ಉರಿಯುವುದಿಲ್ಲ. ಹಳದಿಯ ತಂತಿಯಿಂದ ಒಂದು ಕವಲು ತೆಗೆದು, ಪಾಯಿಂಟ್ (ಗಾಡಿಯ ಹಳಿ ಬದಲಿಸುವ ಜೋಡಣೆ) ಮೋಟಾರಿನ ಸ್ವಿಚ್ ಮೂಲಕ ಬಿಳಿ ಎಲ್‌ಇಡಿಗೆ ಕೊಡಿ; ಅದಕ್ಕೆ ಅದರದೇ ರೆಸಿಸ್ಟರ್ ಇರಲಿ. ಪಾಯಿಂಟ್ ಲೂಪಿಗೆ (ಪಕ್ಕದ ಹಳಿಗೆ) ತಿರುಗಿ ಹಳದಿ ಬಂದರೆ ಮಾತ್ರ ಐದೂ ಬೆಳಗುತ್ತವೆ. ನಿಜವಾದ ಸಿಗ್ನಲ್‌ನಲ್ಲಿ ಐದರಲ್ಲಿ ಮೂರಾದರೂ ಉರಿಯದೆ ಲೂಪಿಗೆ ಹಳದಿ ಬರುವುದಿಲ್ಲ. ಅದನ್ನೂ ಮಾಡಲು ಹೊರಟರೆ ನಿಮಗೆ ರಿಲೇ ಕೊಠಡಿಯೇ ಬೇಕಾದೀತು. ಲೂಪ್ ಎಡಕ್ಕಿದ್ದರೆ ಪಟ್ಟಿಯನ್ನು ಎಡಕ್ಕೆ ವಾಲಿಸಿ. ಅಂಟು ಹಾಕುವ ಮೊದಲು ಡ್ರೈವರ್ ಬರುವ ದಿಕ್ಕಿನಿಂದ ಒಮ್ಮೆ ಬಗ್ಗಿ ನೋಡಿ.